ಈಜು ಬಾರದವರು ಕಡಲ ಜೀವ ನೋಡಲು ಸದ್ದುಗದ್ದಲ ಇಲ್ಲದ ದ್ವೀಪ ಯಾವುದು? ಗೋವಾದಿಂದ ಹೊರಡಬೇಕು

ವಾಸ್ಕೊದ ಗದಗಿನವ

ಎಲ್ಲರಿಗೂ ನಮಸ್ಕಾರ. ಫೆಬ್ರವರಿಯಲ್ಲಿ ಒಂದು ವಾರ ರಜೆ ಸಿಗುತ್ತದೆ. ಅವ್ವ, ಹೆಂಡತಿ, ಮಗಳು, ಮಗ ಎಲ್ಲರನ್ನೂ ಕರೆದುಕೊಂಡು ಯಾವುದಾದರೂ ದ್ವೀಪಕ್ಕೆ ಹೋಗಬೇಕು ಅಂತ ಇದ್ದೇನೆ. ಅವ್ವನಿಗೆ ಮಂಡಿ ನೋವು, ಜಾಸ್ತಿ ನಡೆಯಲು ಆಗುವುದಿಲ್ಲ. ನಮ್ಮಲ್ಲಿ ಯಾರಿಗೂ ಈಜು ಬರುವುದಿಲ್ಲ.

ಬೀಚ್ ನಮಗೆ ಹೊಸದಲ್ಲ. ಬಾಯ್ನಾ, ಬೊಗ್ಮಾಳೊ ಎರಡೂ ಮನೆಗೆ ಹತ್ತಿರ. ಆದರೆ ಅಲ್ಲಿ ಮರಳು, ಅಲೆ, ಜನ ಅಷ್ಟೇ. ನೀರೊಳಗೆ ಏನಿದೆ ಅಂತ ಕಾಣುವುದೇ ಇಲ್ಲ. ಮಗಳಿಗೆ ಒಂಬತ್ತು ವರ್ಷ. ಗಾಜಿನ ತೊಟ್ಟಿಯ ಮೀನು ಬೇಡವಂತೆ, ಕಡಲಲ್ಲೇ ಓಡಾಡುವ ಮೀನು, ಆಮೆ, ಹವಳ ನೋಡಬೇಕಂತೆ. ನನಗೂ ಅದೇ ಆಸೆ. ಸ್ಪೀಕರ್ ಹಾಕಿ ಕುಣಿಸುವ ಬೋಟ್ ಟ್ರಿಪ್ ಬೇಡ.

ಅಂಡಮಾನ್ ಒಳ್ಳೆಯದಾ, ಲಕ್ಷದ್ವೀಪ ಒಳ್ಳೆಯದಾ, ಇಲ್ಲವೇ ಹತ್ತಿರದಲ್ಲೇ ಏನಾದರೂ ಇದೆಯಾ? ಡೈವಿಂಗ್ ಮಾಡದೆ ಏನೇನು ಕಾಣುತ್ತದೆ? ಹೋಗಿ ಬಂದವರು ದಯವಿಟ್ಟು ವಿವರವಾಗಿ ಬರೆಯಿರಿ.

ಮಡಗಾಂವ್ ಬಂದರು

ಅಣ್ಣ, ನಾನಂತೂ ಲಕ್ಷದ್ವೀಪ ಅಂತಲೇ ಹೇಳುತ್ತೇನೆ. ಕಾರಣ ಇದೆ. ಮಾಂಡೋವಿ, ಜುವಾರಿ ಎರಡೂ ಮಣ್ಣು ತಂದು ನಮ್ಮ ಕಡಲಿಗೆ ಸುರಿಯುತ್ತವೆ. ಅದಕ್ಕೇ ಇಲ್ಲಿ ನೀರು ಯಾವಾಗಲೂ ಕಲಕಿರುತ್ತದೆ. ಲಕ್ಷದ್ವೀಪದಲ್ಲಿ ಒಂದು ನದಿಯೂ ಇಲ್ಲ. ಅಲ್ಲಿ ಮರಳು ಅಂದರೆ ಹವಳ ಮತ್ತು ಚಿಪ್ಪಿನ ಪುಡಿ. ದ್ವೀಪಕ್ಕೂ ತೆರೆದ ಸಮುದ್ರಕ್ಕೂ ನಡುವೆ ಹವಳದ ದಿಬ್ಬ ಅಡ್ಡ ನಿಂತು ದೊಡ್ಡ ಅಲೆಯನ್ನು ಅಲ್ಲೇ ತಡೆಯುತ್ತದೆ, ಒಳಗಡೆ ಲಗೂನಿನಲ್ಲಿ ಮೊಣಕಾಲು, ಸೊಂಟದ ಮಟ್ಟದ ತಿಳಿನೀರು ನಿಂತಿರುತ್ತದೆ. ಈಜು ಬಾರದವರು ಹೇಳಿ ಮಾಡಿಸಿದ ಹಾಗೆ ನಿಂತು ನೋಡಬಹುದು.

ಒಟ್ಟು 36 ದ್ವೀಪ, ಜನ ಇರುವುದು 10ರಲ್ಲಿ ಮಾತ್ರ. ವಿಮಾನ ಇಳಿಯುವುದು ಅಗತ್ತಿಯಲ್ಲಿ. ಗೋವಾದ ಮೋಪಾ ವಿಮಾನ ನಿಲ್ದಾಣದಿಂದ ಅಗತ್ತಿಗೆ ನೇರ ವಿಮಾನ 2024ರಲ್ಲಿ ಶುರುವಾಯಿತು. ಯಾವ ದಿನ ಇದೆ ಅನ್ನುವುದು ಬದಲಾಗುತ್ತಿರುತ್ತದೆ, ರಜೆ ಹಾಕುವ ಮೊದಲು ನೋಡಿಕೊಳ್ಳಿ. ಹಡಗಿನಲ್ಲಿ ಹೋಗುವುದಾದರೆ ಕೊಚ್ಚಿಗೆ ಹೋಗಬೇಕು, ಅವ್ವನ ಮಂಡಿಗೆ ಅದು ಕಷ್ಟ.

ಅಗತ್ತಿಯ ಲಗೂನಿನಲ್ಲಿ ಹಸಿರು ಕಡಲಾಮೆಗಳು ದಡದ ಹತ್ತಿರವೇ ಕಾಣುತ್ತವೆ. ಅವು ನೀರಿನಡಿಯ ಕಡಲಹುಲ್ಲು ಮೇಯುತ್ತವೆ. ಒಂದು ಕಾಲದಲ್ಲಿ ಎಷ್ಟು ಜಾಸ್ತಿಯಾಗಿದ್ದವೆಂದರೆ ಹುಲ್ಲೆಲ್ಲ ಮೇಯ್ದು ಬರಿದಾಯಿತು. ಹುಲ್ಲಿನಲ್ಲಿ ಬೆಳೆಯುವ ಮೀನುಗಳೂ ಕಡಿಮೆಯಾದವು, ಮೀನು ಹಿಡಿಯುವವರು ಬೇಸರಪಟ್ಟರು, ಆಮೆಗಳು ಬೇರೆ ದ್ವೀಪದ ಲಗೂನುಗಳ ಕಡೆ ಹೋದವು. ಈಗಲೂ ಬೆಳಗ್ಗೆ ಜೆಟ್ಟಿಯ ಮೇಲೆ ಸುಮ್ನೆ ನಿಂತರೆ ಕೆಳಗೆ ಒಂದಾದರೂ ಉಸಿರು ತೆಗೆದುಕೊಳ್ಳಲು ತಲೆ ಎತ್ತುವ ಅವಕಾಶ ಚೆನ್ನಾಗಿದೆ. ಅವ್ವನೂ ನೋಡಬಹುದು.

ಇನ್ನೊಂದು ವಿಷಯ ನಮ್ಮವರಿಗೆ ಗೊತ್ತಿರಲಿ. ಅಮಿನಿ, ಕಡಮತ್, ಕಿಲ್ತಾನ್, ಚೆತ್ಲಾತ್, ಬಿತ್ರ ಇವೆಲ್ಲ 1956ರವರೆಗೆ ದಕ್ಷಿಣ ಕನ್ನಡ ಜಿಲ್ಲೆಗೆ ಸೇರಿದ್ದವು. ಮಂಗಳೂರಿನ ಹಳೆ ಬಂದರಿನಿಂದ ಅಲ್ಲಿಗೆ ಅಕ್ಕಿ, ಸಿಮೆಂಟು ಹೋಗುವುದನ್ನು ನೋಡುತ್ತಲೇ ನಾನು ಬೆಳೆದೆ. ಹೋಗಿ ಬಂದಾಗ ಆ ದ್ವೀಪ ಬೇರೆಯವರದು ಅಂತ ಅನ್ನಿಸಲಿಲ್ಲ.

ಪುಣೆಯ ಧಾರವಾಡದವಳು

ಲಕ್ಷದ್ವೀಪ ಚಂದ ಇದೆ, ಇಲ್ಲ ಅನ್ನುವುದಿಲ್ಲ. ಆದರೆ ಅನುಮತಿ ಪತ್ರ ಇಲ್ಲದೆ ಅಲ್ಲಿ ಕಾಲಿಡುವ ಹಾಗಿಲ್ಲ, ಉಳಿಯುವ ಜಾಗವೂ ಕಡಿಮೆ. ಅಂಡಮಾನ್‌ನಲ್ಲಿ ಆ ತೊಂದರೆ ಇಲ್ಲ.

ಸ್ವರಾಜ್ ದ್ವೀಪಕ್ಕೆ, ಅಂದರೆ ಹಳೆಯ ಹ್ಯಾವ್ಲಾಕಿಗೆ, ಎಲ್ಲರೂ ಹೋಗುತ್ತಾರೆ. ನೀವು ಅದನ್ನು ಬಿಟ್ಟು ಶಹೀದ್ ದ್ವೀಪಕ್ಕೆ ಹೋಗಿ. ಅದೇ ಹಳೆಯ ನೀಲ್ ಐಲ್ಯಾಂಡ್. ಚಿಕ್ಕ ದ್ವೀಪ, ತರಕಾರಿ ಬೆಳೆಯುವ ಊರು, ರಾತ್ರಿ ಬೇಗ ಮಲಗುತ್ತದೆ. ಭರತ್‌ಪುರ್ ದಂಡೆಯಲ್ಲಿ ನೀರು ಬಹಳ ದೂರದವರೆಗೆ ಆಳ ಇಲ್ಲ. ತಳಕ್ಕೆ ಗಾಜು ಹಾಕಿದ ದೋಣಿ ಸಿಗುತ್ತದೆ, ಅವ್ವನನ್ನು ಅದರಲ್ಲಿ ಕೂರಿಸಬಹುದು. ಹತ್ತಿಸುವಾಗ ಮಾತ್ರ ಇಬ್ಬರು ಹಿಡಿದುಕೊಳ್ಳಬೇಕು.

ನನಗೆ ತುಂಬಾ ಇಷ್ಟವಾದದ್ದು ಲಕ್ಷ್ಮಣ್‌ಪುರದ ಎರಡನೇ ದಂಡೆ. ಅಲ್ಲಿ ಕಲ್ಲಿನ ಕಮಾನು ಇದೆ, ಎಲ್ಲರೂ ಅದರ ಮುಂದೆ ಫೋಟೊ ತೆಗೆಸಿಕೊಂಡು ವಾಪಸ್ ಹೋಗುತ್ತಾರೆ. ನಿಜವಾದ ನೋಟ ಕಾಲ ಕೆಳಗಿದೆ. ಇಳಿತದಲ್ಲಿ ನೀರು ಹಿಂದೆ ಸರಿದಾಗ ಬಂಡೆಯ ಗುಂಡಿಗಳಲ್ಲಿ ಚಿಕ್ಕ ಕೊಳಗಳು ಉಳಿಯುತ್ತವೆ. ನಕ್ಷತ್ರಮೀನು, ಕಡಲಸೌತೆ, ಬಂಡೆಗೆ ಅಂಟಿಕೊಂಡು ನೀಲಿ ಹಸಿರು ತುಟಿ ತೆರೆದಿರುವ ದೊಡ್ಡ ಕಪ್ಪೆಚಿಪ್ಪು, ಬಣ್ಣದ ಚಿಕ್ಕ ಮೀನು, ಎಲ್ಲವನ್ನೂ ಪಾದ ಮುಳುಗುವಷ್ಟು ನೀರಿನಲ್ಲಿ ನೋಡಬಹುದು. ಜೊತೆಗೆ ಬರುವ ಗೈಡ್ ನಕ್ಷತ್ರಮೀನನ್ನು ಎತ್ತಿ ಕೈಗೆ ಕೊಡಲು ಬರಬಹುದು. ದಯವಿಟ್ಟು ಬೇಡ ಅನ್ನಿ. ಅದು ನೀರಿನಿಂದಲೇ ಉಸಿರಾಡುವ ಜೀವ. ಒಬ್ಬೊಬ್ಬರ ಕೈಯಿಂದ ಕೈಗೆ ಹೋಗಿ ಬರುವಷ್ಟರಲ್ಲಿ ಅದರ ಗತಿ ಏನಾಗಬೇಡ?

ಕಾಣಕೋಣದ ಕಡಲು

ಅಕ್ಕ ಹೇಳಿದ್ದು ಸರಿ. ಆದರೆ ಎಲ್ಲಕ್ಕಿಂತ ಮೊದಲು ಕೇಳಬೇಕಾದ ಪ್ರಶ್ನೆ ಯಾವ ದ್ವೀಪ ಅಂತಲ್ಲ, ಯಾವ ಹೊತ್ತು ಅಂತ. ನಾನು ಕಾರವಾರದವನು, ಈಗ ಕಾಣಕೋಣದಲ್ಲಿ ಕೆಲಸ. ಕಡಲ ಪಕ್ಕದಲ್ಲೇ ಬದುಕಿದವನಾಗಿ ಹೇಳುತ್ತೇನೆ, ಹೊತ್ತು ತಪ್ಪಿದರೆ ಅಂಡಮಾನ್‌ಗೆ ಹೋದರೂ ಬರೀ ನೀರು ಕಾಣುತ್ತದೆ.

ಟಿಕೆಟ್ ತೆಗೆಯುವ ಮೊದಲು ಗೋಡೆಯ ಮೇಲಿನ ಪಂಚಾಂಗ ನೋಡಿ. ಅಮಾವಾಸ್ಯೆ, ಹುಣ್ಣಿಮೆ ಮತ್ತು ಅವುಗಳ ನಂತರದ ಒಂದೆರಡು ದಿನ ನೀರು ಜಾಸ್ತಿ ಏರುತ್ತದೆ, ಅಷ್ಟೇ ಜಾಸ್ತಿ ಇಳಿಯುತ್ತದೆ. ಆಗ ಬೇರೆ ದಿನ ಮುಚ್ಚಿಕೊಂಡೇ ಇರುವ ಬಂಡೆಗಳು ತೆರೆದುಕೊಳ್ಳುತ್ತವೆ. ಅಷ್ಟಮಿಯ ಆಸುಪಾಸಿನಲ್ಲಿ ಏರಿಳಿತ ಕಡಿಮೆ, ಕೊಳಗಳೇ ಸರಿಯಾಗಿ ಸಿಗುವುದಿಲ್ಲ. ದಿನಕ್ಕೆ ಎರಡು ಸಲ ಇಳಿತ, ದಿನದಿಂದ ದಿನಕ್ಕೆ ಸುಮಾರು 50 ನಿಮಿಷ ತಡವಾಗುತ್ತದೆ. ಪೂರ್ತಿ ಇಳಿಯುವುದಕ್ಕೆ ಒಂದು ಗಂಟೆ ಮೊದಲು ದಂಡೆಯಲ್ಲಿರಿ, ನೀರು ತಿರುಗಿದ ಕೂಡಲೇ ಹಿಂದೆ ಬನ್ನಿ. ಬಂಡೆಯ ಕಡೆ ಮುಖ ಮಾಡಿ ಕೂತವರಿಗೆ ಹಿಂದಿನಿಂದ ನೀರು ತುಂಬಿದ್ದು ಗೊತ್ತೇ ಆಗುವುದಿಲ್ಲ. ಮಕ್ಕಳಿರುವಾಗ ಒಬ್ಬರು ಬರೀ ನೀರನ್ನೇ ನೋಡುತ್ತಿರಬೇಕು.

ಏರಿಳಿತ ಎಲ್ಲ ಕಡೆ ಒಂದೇ ಅಲ್ಲ. ಮುಂಬೈಯಲ್ಲಿ ಹುಣ್ಣಿಮೆ ಅಮಾವಾಸ್ಯೆಗೆ 4 ಮೀಟರಿಗಿಂತ ಜಾಸ್ತಿ, ಗೋವಾದಲ್ಲಿ ಸುಮಾರು 2 ಮೀಟರ್, ಲಕ್ಷದ್ವೀಪದಲ್ಲಿ ಇನ್ನೂ ಕಡಿಮೆ.

ಡೊಂಬಿವಲಿ ಅಮ್ಮ

ಮುಂಬೈ ಹೆಸರು ಬಂದದ್ದಕ್ಕೆ ಬರೆಯುತ್ತಿದ್ದೇನೆ. ಹಾಜಿ ಅಲಿ, ಬಾಂದ್ರಾ ಕಾರ್ಟರ್ ರೋಡ್ ಬಂಡೆಗಳ ಮೇಲೆ ಇಳಿತದಲ್ಲಿ ಹವಳ, ಆಕ್ಟೋಪಸ್, ಕಡಲಹೂವು, ಬಣ್ಣಬಣ್ಣದ ಚಿಪ್ಪಿಲ್ಲದ ಬಸವನಹುಳು ಇರುತ್ತವೆ ಅಂದರೆ ನಮ್ಮ ಕಟ್ಟಡದಲ್ಲಿ ಯಾರೂ ನಂಬುವುದಿಲ್ಲ. ಮರೀನ್ ಲೈಫ್ ಆಫ್ ಮುಂಬೈ ಅಂತ ಒಂದು ಬಳಗ 2017ರಿಂದ ಜನರನ್ನು ಕರೆದುಕೊಂಡು ಹೋಗಿ ಇವನ್ನೆಲ್ಲ ತೋರಿಸುತ್ತಿದೆ. ಕೋಸ್ಟಲ್ ರೋಡ್ ಕಟ್ಟುವಾಗ ಅಲ್ಲಿನ ಹವಳಗಳನ್ನು ಎತ್ತಿ ಬೇರೆ ಕಡೆ ನೆಟ್ಟರು. ಹವಳ ಇದೆ ಅಂತ ಹೇಳುವವರು ಇದ್ದುದರಿಂದ ಅಷ್ಟಾದರೂ ಆಯಿತು.

ಆ ನಡಿಗೆಗಳಲ್ಲಿ ನಾನು ಕಲಿತದ್ದು ನಿಮಗೆ ದ್ವೀಪದಲ್ಲೂ ಉಪಯೋಗಕ್ಕೆ ಬರುತ್ತದೆ. ಒಂದು ಕೊಳದಿಂದ ಇನ್ನೊಂದಕ್ಕೆ ಓಡಬೇಡಿ. ಒಂದೇ ಕೊಳದ ಪಕ್ಕ ಕೂತುಕೊಳ್ಳಿ. ನಿಮ್ಮ ನೆರಳು ನೀರಿನ ಮೇಲೆ ಬೀಳದ ಕಡೆ ಕೂತುಕೊಳ್ಳಿ. ಮೊದಲು ಏನೂ ಕಾಣುವುದಿಲ್ಲ, ಬರೀ ಕಲ್ಲು, ಪಾಚಿ. ಸ್ವಲ್ಪ ಹೊತ್ತಾದ ಮೇಲೆ ಖಾಲಿ ಶಂಖ ಅಂದುಕೊಂಡದ್ದು ನಡೆಯಲು ಶುರು ಮಾಡುತ್ತದೆ, ಒಳಗೆ ಸನ್ಯಾಸಿ ಏಡಿ ಇರುತ್ತದೆ. ಆಮೇಲೆ ಕಲ್ಲಿನ ಬಣ್ಣದ್ದೇ ಒಂದು ಮೀನು ಕಣ್ಣು ಹೊರಳಿಸುತ್ತದೆ. ಸಿಗಡಿ ಮೀಸೆ ಹೊರಗೆ ಹಾಕುತ್ತದೆ. ಮಕ್ಕಳಿಗೆ ತಾಳ್ಮೆ ಇರುವುದಿಲ್ಲ ಅಂತ ದೊಡ್ಡವರು ಹೇಳುತ್ತಾರೆ, ಆದರೆ ಮೊದಲು ಬೇಸರವಾಗಿ ಎದ್ದು ಹೋಗುವುದು ದೊಡ್ಡವರೇ. ನಿಮ್ಮ ಮಗಳು ಕೂತರೆ ಅವಳನ್ನು ಎಬ್ಬಿಸಬೇಡಿ.

ಅವ್ವನಿಗೂ ಇದು ಸರಿಯಾಗಿದೆ. ನಡೆಯುವುದೇ ಬೇಕಿಲ್ಲ. ಮರಳಿನ ದಂಡೆಯಲ್ಲಿ ಕೂರಿಸಿದರೂ ಸಾಕು. ನೀರು ಇಳಿದ ಮೇಲೆ ಒದ್ದೆ ಮರಳಿನ ಮೇಲೆ ಸಾಬೂದಾಣಿ ಚೆಲ್ಲಿದ ಹಾಗೆ ಸಣ್ಣ ಸಣ್ಣ ಉಂಡೆ ಕಾಣುತ್ತದಲ್ವಾ, ಅದು ಮರಳೇಡಿಯ ಕೆಲಸ. ಮರಳಿನಲ್ಲಿ ತಿನ್ನುವುದನ್ನು ಸೋಸಿಕೊಂಡು ಉಳಿದದ್ದನ್ನು ಉಂಡೆ ಕಟ್ಟಿ ಬದಿಗಿಡುತ್ತದೆ. ಅಲುಗಾಡದೆ ಕೂತರೆ ಕಾಲ ಪಕ್ಕದಲ್ಲೇ ಹೊರಬಂದು ಉಂಡೆ ಕಟ್ಟುತ್ತದೆ.

ಫೋಂಡಾದ ಮೇಷ್ಟ್ರು

ಎಲ್ಲ ಓದಿದೆ. ಒಂದು ಮಾತು ಕೇಳುತ್ತೇನೆ, ಯಾರೂ ಸಿಟ್ಟಾಗಬೇಡಿ. ಇಷ್ಟೆಲ್ಲ ಕಾಯುವುದು ಯಾಕೆ? ಮಾಲ್ವಣದಲ್ಲಿ, ಗ್ರ್ಯಾಂಡ್ ಐಲ್ಯಾಂಡಿನಲ್ಲಿ ದೋಣಿಯವರು ನೀರಿಗೆ ಬ್ರೆಡ್ ಹಾಕುತ್ತಾರೆ, ಮೀನು ಮುತ್ತಿಕೊಳ್ಳುತ್ತವೆ, ಮಕ್ಕಳು ಖುಷಿಪಡುತ್ತಾರೆ. ಶೃಂಗೇರಿಯಲ್ಲಿ ತುಂಗೆಯ ಮೀನಿಗೆ ನಾವೇ ಮಂಡಕ್ಕಿ ಹಾಕುವುದಿಲ್ಲವೇ? ದೋಣಿಯವನ ಹೊಟ್ಟೆಪಾಡೂ ನೋಡಬೇಕು. ಅದು ತಪ್ಪು ಅಂದರೆ ಬಡವನ ಕೆಲಸಕ್ಕೆ ಕಲ್ಲು ಹಾಕಿದ ಹಾಗೆ ಆಗುವುದಿಲ್ಲವೇ?

ಪಣಜಿ ಡೈವರ್

ಮೇಷ್ಟ್ರೇ, ಸಿಟ್ಟಾಗುವ ಪ್ರಶ್ನೆ ಅಲ್ಲ ಇದು, ಕೇಳಿದ್ದು ಒಳ್ಳೆಯದಾಯಿತು.

ಶೃಂಗೇರಿಯ ಮೀನನ್ನು ಉಳಿಸಿರುವುದು ಮಂಡಕ್ಕಿ ಅಲ್ಲ, ಅಲ್ಲಿ ಯಾರೂ ಬಲೆ ಹಾಕಬಾರದು ಅನ್ನುವ ಕಟ್ಟು. ಕಡಲಲ್ಲಿ ಬ್ರೆಡ್‌ಗೆ ಬರುವುದು ಒಂದೆರಡು ಜಾತಿ ಮಾತ್ರ. ಮೈಮೇಲೆ ಕಪ್ಪು ಪಟ್ಟೆ ಇರುವ ಸಾರ್ಜೆಂಟ್ ಮೀನು ಮುಖ್ಯವಾಗಿ. ಅವು ನುಗ್ಗಿದರೆ ಸಂಕೋಚದ ಮೀನುಗಳು ಹಿಂದೆ ಸರಿಯುತ್ತವೆ. ಆಗ ನೀವು ನೋಡುವುದು ಬ್ರೆಡ್‌ಗೆ ಕಿತ್ತಾಡುವ ಗುಂಪನ್ನು, ಹವಳದ ದಿಬ್ಬದ ದಿನದ ಬದುಕನ್ನಲ್ಲ. ಉಳಿದ ಬ್ರೆಡ್ ಕೊಳೆತು ಪಾಚಿಗೆ ಗೊಬ್ಬರವಾಗುತ್ತದೆ. ಹವಳಕ್ಕೆ ಪಾಚಿ ಶತ್ರು. ಆ ಪಾಚಿಯನ್ನು ಕೆರೆದು ತಿಂದು ಹವಳವನ್ನು ಸ್ವಚ್ಛವಾಗಿಡುವುದು ಗಿಳಿಮೀನಿನಂಥವು. ನೀರಿನಲ್ಲಿ ತಲೆ ಮುಳುಗಿಸಿ ಸುಮ್ನೆ ಕೇಳಿ, ಗಿಳಿಮೀನು ಕಲ್ಲು ಕಚ್ಚುವ ಕಟಕಟ ಸದ್ದು ಕೇಳಿಸುತ್ತದೆ. ಅದು ನುಂಗಿದ ಹವಳದ ಪುಡಿ ಮರಳಾಗಿ ಹೊರಗೆ ಬರುತ್ತದೆ. ಹವಳದ ದ್ವೀಪಗಳ ಬಿಳಿ ಮರಳಿನಲ್ಲಿ ಅದರದ್ದೂ ಪಾಲು ಇದೆ. ಇದನ್ನು ಮಗುವಿಗೆ ತೋರಿಸುವ ಖುಷಿ ಬ್ರೆಡ್‌ನಲ್ಲಿ ಇಲ್ಲ ಮೇಷ್ಟ್ರೇ.

ದೋಣಿಯವರ ವಿಷಯ. ನಾನು ಅವರ ಜೊತೆಯೇ ಕೆಲಸ ಮಾಡುವವನು. ಅವರಿಗೆ ಕೊಡುವ ಹಣವನ್ನು ಕಡಿಮೆ ಮಾಡಬೇಡಿ. ಅಷ್ಟೇ ಹಣ ಕೊಟ್ಟು, ಬ್ರೆಡ್ ಬೇಡ, ಎಂಜಿನ್ ಬಂದ್ ಮಾಡಿ ಸ್ವಲ್ಪ ಹೊತ್ತು ನಿಲ್ಲಿಸಿ ಅಂತ ಕೇಳಿ. ಕೇಳುವ ಗಿರಾಕಿ ಬಂದರೆ ಅವರೂ ಬದಲಾಗುತ್ತಾರೆ. ಡಾಲ್ಫಿನ್ ನೋಡಲೂ ಇದೇ ದಾರಿ. ಗೋವಾದ ದಡದ ಹತ್ತಿರ ಕಾಣುವ ಗೂನುಬೆನ್ನಿನ ಡಾಲ್ಫಿನ್ ಅಳಿವಿನ ಅಂಚಿನಲ್ಲಿರುವ ಜಾತಿ. ನಾಲ್ಕು ದೋಣಿ ಸೇರಿ ಅಟ್ಟಿಸಿಕೊಂಡು ಹೋದರೆ ಅವು ಮುಳುಗಿ ದೂರ ಹೋಗುತ್ತವೆ. ಎಂಜಿನ್ ನಿಲ್ಲಿಸಿ ಕಾದರೆ ಎಷ್ಟೋ ಸಲ ತಾವೇ ಹತ್ತಿರದಿಂದ ಹಾದುಹೋಗುತ್ತವೆ.

ಫೋಂಡಾದ ಮೇಷ್ಟ್ರು

ಗಿಳಿಮೀನಿನ ವಿಷಯ ನನಗೆ ಗೊತ್ತಿರಲಿಲ್ಲ. ನಾಳೆ ತರಗತಿಯಲ್ಲಿ ಹೇಳುತ್ತೇನೆ. ಆದರೆ ದುಡ್ಡು ಕೊಟ್ಟು ಬಂದವರಲ್ಲಿ ಎಷ್ಟು ಜನ ಕಾಯುತ್ತಾರೆ ಅನ್ನುವುದು ನನಗಿನ್ನೂ ಅನುಮಾನ. ಏನೂ ಕಾಣದಿದ್ದರೆ ದೋಣಿಯವನನ್ನೇ ಬೈಯುತ್ತಾರೆ.

ವಾಸ್ಕೊದ ಗದಗಿನವ

ನಾವು ಬೈಯುವುದಿಲ್ಲ ಸರ್. ಎಲ್ಲರಿಗೂ ಧನ್ಯವಾದ, ಇಷ್ಟು ವಿವರ ಸಿಗುತ್ತದೆ ಅಂದುಕೊಂಡಿರಲಿಲ್ಲ. ಡೈವರ್ ಅಣ್ಣ, ನೇತ್ರಾಣಿ ದ್ವೀಪ ಹೇಗೆ? ನಮ್ಮ ಊರ ಕಡೆಯೇ ಅಲ್ವಾ, ಮುರುಡೇಶ್ವರದಿಂದ ಹೋಗಬಹುದು ಅಂತ ಕೇಳಿದ್ದೇನೆ. ಹಾಗೆಯೇ ಮಕ್ಕಳಿಗೆ ಅಪಾಯದ ಜೀವಿಗಳು ಯಾವುವು, ಅದನ್ನೂ ಹೇಳಿ. ಹೆಂಡತಿಗೆ ಅದೇ ಚಿಂತೆ.

ಪಣಜಿ ಡೈವರ್

ನೇತ್ರಾಣಿ ನನಗೆ ಬಹಳ ಪ್ರೀತಿಯ ಜಾಗ. ಮುರುಡೇಶ್ವರದಿಂದ ಸುಮಾರು 19 ಕಿಲೋಮೀಟರ್. ದಡದಿಂದ ದೂರ ಇರುವುದರಿಂದ ನೀರು ಗೋವಾಕ್ಕಿಂತ ಎಷ್ಟೋ ತಿಳಿ. ಬಿಳಿಹೊಟ್ಟೆಯ ಕಡಲ ಹದ್ದು ಮೇಲೆ ಸುತ್ತುತ್ತಿರುತ್ತದೆ, ಅಪರೂಪಕ್ಕೆ ತಿಮಿಂಗಿಲ ಶಾರ್ಕ್ ಕೂಡ ಕಂಡಿದೆ. ಆದರೆ ಅಲ್ಲಿ ಕಾಲೂರಿ ನಿಲ್ಲುವ ದಂಡೆ ಇಲ್ಲ. ದೋಣಿಯಿಂದಲೇ ಆಳದ ನೀರಿಗೆ ಇಳಿಯಬೇಕು. ಅವ್ವ, ಚಿಕ್ಕ ಮಕ್ಕಳನ್ನು ಕರೆದುಕೊಂಡು ಹೋಗುವ ಜಾಗ ಅಲ್ಲ. ಮುಂದೆ ಮಗಳು ಈಜು ಕಲಿತ ಮೇಲೆ ಕರೆದುಕೊಂಡು ಹೋಗಿ.

ಈಗ ಅಪಾಯದ ಮಾತು. ಮುಟ್ಟದಿದ್ದರೆ ಬಹುತೇಕ ಅಪಾಯ ಅಲ್ಲೇ ಮುಗಿಯುತ್ತದೆ. ಮುಖ್ಯವಾಗಿ ಶಂಕುವಿನ ಆಕಾರದ, ಚಂದದ ಚಿತ್ತಾರ ಇರುವ ಕೋನ್ ಶಂಖ. ಒಳಗಿನ ಹುಳು ವಿಷದ ಮುಳ್ಳು ಚುಚ್ಚುತ್ತದೆ, ಕೆಲವು ಜಾತಿಯದ್ದು ಜೀವಕ್ಕೇ ಅಪಾಯ, ಅದಕ್ಕೆ ಪ್ರತಿವಿಷ ಇಲ್ಲ. ಮಕ್ಕಳ ಕಣ್ಣಿಗೆ ಮೊದಲು ಬೀಳುವುದೂ ಅದೇ, ಅದಕ್ಕೇ ಯಾವ ಶಂಖವನ್ನೂ ಕೈಯಿಂದ ಎತ್ತಬಾರದು ಅಂತ ಹೇಳಿಡಿ. ಕಲ್ಲುಮೀನು ಕಲ್ಲಿನ ಹಾಗೆಯೇ ಬಿದ್ದಿರುತ್ತದೆ, ಬರಿಗಾಲಲ್ಲಿ ಬಂಡೆಯ ಮೇಲೆ ನಡೆಯಬೇಡಿ, ದಪ್ಪ ತಳದ ಶೂ ಬೇಕು. ಮರಳಿನಲ್ಲಿ ತೊರಕೆ ಮೀನು ಹುದುಗಿರುತ್ತದೆ. ಹೆಜ್ಜೆ ಎತ್ತಿ ಹಾಕದೆ ಕಾಲನ್ನು ಎಳೆದುಕೊಂಡು ನಡೆದರೆ ಅದಕ್ಕೆ ಸದ್ದು ತಿಳಿದು ತಾನೇ ಸರಿದುಹೋಗುತ್ತದೆ. 2013ರ ಗಣೇಶ ವಿಸರ್ಜನೆಯಲ್ಲಿ ಗಿರಗಾಂವ್ ಚೌಪಾಟಿಯಲ್ಲಿ ಎಷ್ಟೋ ಜನಕ್ಕೆ ತೊರಕೆ ಚುಚ್ಚಿತ್ತು. ಚುಚ್ಚಿದರೆ ತಡೆಯಬಲ್ಲಷ್ಟು ಬಿಸಿ ನೀರಿನಲ್ಲಿ ಕಾಲಿಟ್ಟುಕೊಂಡು ಡಾಕ್ಟರ ಹತ್ತಿರ ಹೋಗಬೇಕು.

ಅಂಡಮಾನ್‌ಗೆ ಹೋಗುವುದಾದರೆ ಇನ್ನೊಂದು. ಅಲ್ಲಿ ಉಪ್ಪುನೀರಿನ ಮೊಸಳೆ ಇದೆ. ಕಾಂಡ್ಲಾ (ಮ್ಯಾಂಗ್ರೋವ್) ಕಾಡಿನ ಪಕ್ಕ, ಹಳ್ಳ ಬಂದು ಸೇರುವ ಕಡೆ, ಬೋರ್ಡ್ ಹಾಕಿದ ಕಡೆ ನೀರಿಗೆ ಇಳಿಯಲೇಬೇಡಿ. ದಂಡೆ ಎಷ್ಟೇ ಚಂದ, ಎಷ್ಟೇ ಖಾಲಿ ಇದ್ದರೂ ಬೇಡ. ಲಕ್ಷದ್ವೀಪದಲ್ಲಿ ಮೊಸಳೆಯ ಭಯ ಇಲ್ಲ.

ಈಜು ಬಾರದವರು ಲೈಫ್ ಜಾಕೆಟ್ ಹಾಕಿಕೊಂಡು, ಮಾಸ್ಕ್ ಹಾಕಿ ಮುಖ ಮುಳುಗಿಸಿದರೆ ಸಾಕು. ಮಾಸ್ಕ್ ಸರಿಹೊಂದುತ್ತದೆಯೇ ಅಂತ ನೋಡಲು ಪಟ್ಟಿ ಹಾಕದೆ ಮುಖಕ್ಕೆ ಒತ್ತಿ ಮೂಗಿನಿಂದ ಉಸಿರೆಳೆದುಕೊಳ್ಳಿ. ಬೀಳದೆ ಅಂಟಿಕೊಂಡರೆ ಸರಿ. ಮಗಳಿಗೆ ಮಕ್ಕಳ ಅಳತೆಯದ್ದು ಇಲ್ಲಿಂದಲೇ ಕೊಂಡುಕೊಂಡು ಹೋಗಿ. ಬಕೆಟ್ ನೀರಲ್ಲಿ ಅಭ್ಯಾಸ ಮಾಡಲಿ. ಹವಳದ ಮೇಲೆ ಮಾತ್ರ ಯಾರೂ ನಿಲ್ಲಬೇಡಿ. ಬಂಡೆಯಂತೆ ದುಂಡಗೆ ಬೆಳೆಯುವ ಹವಳ ವರ್ಷಕ್ಕೆ ಒಂದು ಸೆಂಟಿಮೀಟರ್ ಬೆಳೆದರೆ ಹೆಚ್ಚು.

ಬಿಸಿಲಿಗೆ ಕ್ರೀಮ್ ಬಳಿಯುವ ಬದಲು ಪೂರ್ತಿ ತೋಳಿನ ಅಂಗಿ ಹಾಕಿ. ಕ್ರೀಮ್‌ಗಳಲ್ಲಿರುವ ಆಕ್ಸಿಬೆನ್ಜೋನ್ ಹವಳಕ್ಕೆ ಕೆಟ್ಟದ್ದು ಅಂತ ಹವಾಯಿಯಲ್ಲಿ 2021ರಿಂದ ಅಂಥ ಕ್ರೀಮ್ ಮಾರುವ ಹಾಗಿಲ್ಲ.

ಪುಣೆಯ ಧಾರವಾಡದವಳು

ಶಂಖದ ಮಾತು ಬಂತಲ್ಲ. ಸತ್ತ ಚಿಪ್ಪನ್ನೂ ತರಬೇಡಿ ಅಂತ ಮಕ್ಕಳಿಗೆ ಈಗಲೇ ಹೇಳಿ. ಸನ್ಯಾಸಿ ಏಡಿಗೆ ತನ್ನದೇ ಚಿಪ್ಪು ಇಲ್ಲ, ಖಾಲಿ ಶಂಖ ಸಿಕ್ಕರೆ ಮಾತ್ರ ಮನೆ. ಕಾನೂನೂ ಇದೆ. 1972ರ ವನ್ಯಜೀವಿ ಕಾಯ್ದೆಯಲ್ಲಿ ಹವಳ, ಕಡಲಕುದುರೆ, ಕಡಲಸೌತೆ, ಕೆಲವು ಶಂಖಗಳು ಎಲ್ಲಕ್ಕೂ ರಕ್ಷಣೆ ಇದೆ. ದಂಡೆಗೆ ಬಂದು ಬಿದ್ದ ಹವಳದ ತುಂಡಾದರೂ ಸರಿ, ಅಂಡಮಾನ್ ವಿಮಾನ ನಿಲ್ದಾಣದಲ್ಲಿ ಬ್ಯಾಗಿನಿಂದ ತೆಗೆಸುತ್ತಾರೆ.

ಮಹಾತ್ಮ ಗಾಂಧಿ ಕಡಲ ರಾಷ್ಟ್ರೀಯ ಉದ್ಯಾನ ಅಂತ ವಂಡೂರಿನಲ್ಲಿದೆ, 1983ರಲ್ಲಿ ಆದದ್ದು. ಅಲ್ಲಿಂದ ಜಾಲಿ ಬಾಯ್ ದ್ವೀಪಕ್ಕೆ ದೋಣಿ ಹೋಗುತ್ತದೆ. ವರ್ಷದಲ್ಲಿ ಕೆಲವು ತಿಂಗಳು ಆ ದ್ವೀಪವನ್ನು ಮುಚ್ಚಿ, ಪಕ್ಕದ ರೆಡ್ ಸ್ಕಿನ್ ದ್ವೀಪವನ್ನು ತೆರೆಯುತ್ತಾರೆ. ಒಂದಕ್ಕೆ ವಿಶ್ರಾಂತಿ ಸಿಗಲಿ ಅಂತ. ಪ್ಲಾಸ್ಟಿಕ್ ಒಯ್ಯುವ ಹಾಗಿಲ್ಲ. ಗೋವಾದ ದಂಡೆಗಳಿಗೂ ಇಂಥ ನಿಯಮ ಬರಬೇಕು ಅಂತ ನನಗೆ ತುಂಬಾ ಅನ್ನಿಸುತ್ತದೆ.

ವಾಸ್ಕೊದ ಗದಗಿನವ

ಅಕ್ಕ, ಇನ್ನೊಂದು ಕೇಳಬೇಕಿತ್ತು. ಬಿಸಿಗೆ ಹವಳವೆಲ್ಲ ಸತ್ತು ಬೆಳ್ಳಗಾಗಿದೆ ಅಂತ ಸುದ್ದಿ ಓದಿದೆ. ಹೋದರೆ ಏನಾದರೂ ಉಳಿದಿದೆಯಾ?

ಪಣಜಿ ಡೈವರ್

ನಾನು ಉತ್ತರ ಕೊಡುತ್ತೇನೆ. ಹವಳ ಅಂದರೆ ಸಣ್ಣ ಸಣ್ಣ ಪ್ರಾಣಿಗಳು. ಅವುಗಳ ಮೈಯೊಳಗೆ ಕಣ್ಣಿಗೆ ಕಾಣದಷ್ಟು ಚಿಕ್ಕ ಪಾಚಿ ವಾಸ ಮಾಡುತ್ತದೆ. ಅದು ಬಿಸಿಲಿನಿಂದ ಆಹಾರ ಮಾಡಿ ಹವಳಕ್ಕೂ ಕೊಡುತ್ತದೆ, ಬಣ್ಣ ಬರುವುದೂ ಬಹುಮಟ್ಟಿಗೆ ಅದರಿಂದಲೇ. ನೀರು ತುಂಬಾ ದಿನ ಬಿಸಿಯಾದರೆ ಹವಳ ಆ ಪಾಚಿಯನ್ನು ಹೊರಗೆ ಹಾಕುತ್ತದೆ. ಆಗ ಬೆಳ್ಳಗಾಗುತ್ತದೆ. ಬೆಳ್ಳಗಾದ ಕೂಡಲೇ ಸತ್ತಿತು ಅಂತಲ್ಲ. ಬೇಗ ತಂಪಾದರೆ ಚೇತರಿಸಿಕೊಳ್ಳುತ್ತದೆ, ಇಲ್ಲದಿದ್ದರೆ ಹಸಿವಿನಿಂದ ಸಾಯುತ್ತದೆ.

ಲಕ್ಷದ್ವೀಪದಲ್ಲಿ 1998, 2010, 2016 ಮತ್ತೆ 2024ರಲ್ಲಿ ಹೀಗಾಯಿತು. ಕೊಂಬೆ ಕೊಂಬೆಯಾಗಿ ಬೆಳೆಯುವ ಹವಳ ಮೊದಲು ಹೋಗುತ್ತದೆ, ದುಂಡಗಿನವು ಹೆಚ್ಚು ತಡೆದುಕೊಳ್ಳುತ್ತವೆ. ಒಂದು ಪೆಟ್ಟಿನಿಂದ ಏಳುವ ಮೊದಲೇ ಇನ್ನೊಂದು ಪೆಟ್ಟು ಬೀಳುತ್ತಿದೆ, ಇದು ನನಗೆ ನಿಜವಾಗಿಯೂ ನೋವಿನ ವಿಷಯ. ನೀವು ಹೋದಾಗ ಕೆಲವು ಕಡೆ ಮುರಿದ ಬೂದು ಬಣ್ಣದ ಕಡ್ಡಿಗಳ ರಾಶಿ ಕಾಣಬಹುದು. ಮಗಳಿಂದ ಅದನ್ನು ಮುಚ್ಚಿಡಬೇಡಿ. ಪಕ್ಕದಲ್ಲೇ ಬೆರಳಷ್ಟು ಹೊಸ ಹವಳ ಹುಟ್ಟಿರುತ್ತದೆ, ಅದನ್ನೂ ಹುಡುಕಿ ತೋರಿಸಿ. ಮೀನುಗಳಂತೂ ಬೇಕಾದಷ್ಟಿವೆ.

ಕಾಣಕೋಣದ ಕಡಲು

ಆಮೆ ಮೊಟ್ಟೆಯಿಡುವುದನ್ನು ಯಾರೂ ಹೇಳಲಿಲ್ಲ. ಅದಕ್ಕೆ ದ್ವೀಪಕ್ಕೇ ಹೋಗಬೇಕಿಲ್ಲ ಅಣ್ಣ. ಗೋವಾದಲ್ಲೇ ಗಾಲ್ಜಿಬಾಗ, ಆಗೊಂದ, ಮೊರ್ಜಿ, ಮಾಂದ್ರೆ ದಂಡೆಗಳಿಗೆ ಆಲಿವ್ ರಿಡ್ಲಿ ಆಮೆ ನವೆಂಬರಿನಿಂದ ಮಾರ್ಚ್‌ವರೆಗೆ ಬರುತ್ತದೆ. ಒಂದು ಸಲಕ್ಕೆ ನೂರರ ಆಸುಪಾಸು ಮೊಟ್ಟೆ. ಅರಣ್ಯ ಇಲಾಖೆಯವರು ಬೇಲಿ ಕಟ್ಟಿ ಕಾಯುತ್ತಾರೆ. 45ರಿಂದ 60 ದಿನಕ್ಕೆ ಮರಿ ಹೊರಬರುತ್ತದೆ. ಮರಳಿನ ಬಿಸಿಯ ಮೇಲೆ ಗಂಡೋ ಹೆಣ್ಣೋ ಅಂತ ತೀರ್ಮಾನವಾಗುತ್ತದೆ, ಬಿಸಿ ಹೆಚ್ಚಾದರೆ ಹೆಣ್ಣು ಜಾಸ್ತಿ.

ಮರಿಗಳು ಬೆಳಕು ಕಂಡ ಕಡೆ ಹೋಗುತ್ತವೆ. ಮೊದಲೆಲ್ಲ ಕಡಲ ಕಡೆಯೇ ಬೆಳಕು. ಈಗ ದಂಡೆಯ ಶ್ಯಾಕ್ ಹೋಟೆಲುಗಳ ದೀಪ ಕಂಡು ರಸ್ತೆಯ ಕಡೆ ಹೋಗಿಬಿಡುತ್ತವೆ. ಅದಕ್ಕೇ ರಾತ್ರಿ ಟಾರ್ಚ್, ಮೊಬೈಲ್ ಬೆಳಕು, ಫ್ಲ್ಯಾಶ್ ಯಾವುದೂ ಬೇಡ. ಮರಿಯನ್ನು ಎತ್ತಿ ನೀರಿಗೆ ಬಿಡುವುದೂ ಬೇಡ. ಅದು ತಾನೇ ನಡೆದು ಹೋಗಬೇಕು.

ದ್ವೀಪವೇ ಬೇಕು, ರಜೆ ಕಡಿಮೆ ಅನ್ನುವವರಿಗೆ ಕಾರವಾರದ ಕುರುಮಗಡ ಇದೆ. ನೀರು ತಿಳಿ ಇರುವುದಿಲ್ಲ, ಹವಳಕ್ಕಾಗಿ ಹೋಗುವ ಜಾಗ ಅಲ್ಲ. ಹೋಗುವ ದಾರಿಯಲ್ಲಿ ಡಾಲ್ಫಿನ್ ಕಾಣಬಹುದು. ಜನವರಿಯ ನರಸಿಂಹ ದೇವರ ಜಾತ್ರೆಯಂದು ದೋಣಿ ದೋಣಿ ಜನ, ಆ ದಿನ ಬಿಟ್ಟು ಹೋಗಿ.

ಪುಣೆಯ ಧಾರವಾಡದವಳು

ಪುಣೆಯವರಿಗೆ ವೇಳಾಸ್ ಹತ್ತಿರ, ರತ್ನಾಗಿರಿ ಜಿಲ್ಲೆ. ಚಿಪಳೂಣದ ಸಹ್ಯಾದ್ರಿ ನಿಸರ್ಗ ಮಿತ್ರ ಸಂಸ್ಥೆ 2002ರಲ್ಲಿ ಅಲ್ಲಿ ಆಮೆ ಕಾಯುವ ಕೆಲಸ ಶುರು ಮಾಡಿತು. ಹಳ್ಳಿಯವರೇ ಮನೆಯಲ್ಲಿ ಉಳಿಸಿಕೊಂಡು ಊಟ ಹಾಕುತ್ತಾರೆ, ಬೆಳಗ್ಗೆ ಸಂಜೆ ಮರಿ ಬಿಡುವುದನ್ನು ಹಗ್ಗದ ಆಚೆ ನಿಂತು ನೋಡಬಹುದು. ಮೇಷ್ಟ್ರೇ, ನಿಮ್ಮ ಹೊಟ್ಟೆಪಾಡಿನ ಪ್ರಶ್ನೆಗೆ ಇದೂ ಒಂದು ಉತ್ತರ. ಆಮೆ ಉಳಿದರೆ ಊರಿಗೂ ಆದಾಯ ಇದೆ.

ಬಾಯ್ನಾ ಹೊಸಬ

ಗೋವಾದಲ್ಲಿ ಬೇಲಿ ಇಲ್ಲದ, ಯಾರಿಗೂ ಗೊತ್ತಿಲ್ಲದ ಆಮೆ ದಂಡೆ ಯಾವುದಾದರೂ ಇದ್ದರೆ ಲೊಕೇಶನ್ ಹಾಕಿ ಪ್ಲೀಸ್. ರೀಲ್ ಮಾಡಬೇಕು.

ಕಾಣಕೋಣದ ಕಡಲು

ತಮ್ಮಾ, ಅಂಥ ಜಾಗ ಇದ್ದರೂ ಇಲ್ಲಿ ಹಾಕುವುದಿಲ್ಲ. ಕಾವಲು ಇರುವ ದಂಡೆಗೆ ಬಾ, ನಾನೇ ಕರೆದುಕೊಂಡು ಹೋಗಿ ಅರಣ್ಯ ಇಲಾಖೆಯ ಹುಡುಗರನ್ನು ಪರಿಚಯಿಸುತ್ತೇನೆ. ಅವರು ರಾತ್ರಿಯಿಡೀ ನಿದ್ದೆಗೆಟ್ಟು ಕಾಯುತ್ತಾರೆ. ರೀಲ್ ಮಾಡುವುದಾದರೆ ಅವರ ಕೆಲಸದ ಬಗ್ಗೆ ಮಾಡು, ಅದು ನಾಲ್ಕು ಜನಕ್ಕೆ ಮುಟ್ಟಲಿ.

ಬಾಯ್ನಾ ಹೊಸಬ

ಸರಿ ಅಣ್ಣ, ಬರುತ್ತೇನೆ. ನಿಮಗೆ ಬೇರೆಯಾಗಿ ಮೆಸೇಜ್ ಮಾಡಿದ್ದೇನೆ.

ವಾಸ್ಕೊದ ಗದಗಿನವ

ಮನೆಯಲ್ಲಿ ಎಲ್ಲರೂ ಕೂತು ಓದಿದೆವು. ಮೊಸಳೆ ಅಂದ ಕೂಡಲೇ ಹೆಂಡತಿ ಅಂಡಮಾನ್ ಬೇಡ ಅಂದಳು. ನೇರ ವಿಮಾನ ಇರುವುದರಿಂದ ಅವ್ವನಿಗೂ ಅಗತ್ತಿಯೇ ಅನುಕೂಲ. ಹಾಗಾಗಿ ಅಗತ್ತಿ ಅಂತ ತೀರ್ಮಾನ ಮಾಡಿದ್ದೇವೆ. ಪಂಚಾಂಗ ನೋಡಿ ಅಮಾವಾಸ್ಯೆ ನಡುವೆ ಬರುವ ಹಾಗೆ ರಜೆ ಹಾಕುತ್ತೇನೆ. ಮಗಳು ಆಗಲೇ ಗಿಳಿಮೀನಿನ ಚಿತ್ರ ಬರೆದು ಫ್ರಿಜ್ ಮೇಲೆ ಅಂಟಿಸಿದ್ದಾಳೆ.

ಬಂದರು ಅಣ್ಣ, ಕೊನೆಯ ಪ್ರಶ್ನೆಗಳು. ಅನುಮತಿ ಪತ್ರಕ್ಕೆ ಏನು ಮಾಡಬೇಕು? ಅಲ್ಲಿ ಬಟ್ಟೆ, ಊಟ ಇದರಲ್ಲಿ ಏನಾದರೂ ಗಮನದಲ್ಲಿ ಇಟ್ಟುಕೊಳ್ಳಬೇಕಾ? ಅವ್ವ ನೀರಿನ ಹತ್ತಿರ ಕೂರಲು ಏನು ವ್ಯವಸ್ಥೆ?

ಮಡಗಾಂವ್ ಬಂದರು

ಬಹಳ ಸಂತೋಷ ಅಣ್ಣ. ಅನುಮತಿಗೆ ಲಕ್ಷದ್ವೀಪ ಆಡಳಿತದ ಜಾಲತಾಣದಲ್ಲೇ ಅರ್ಜಿ ಹಾಕಬಹುದು. ಈಗಲೇ ಹಾಕಿ, ಕೊನೆಯ ವಾರಕ್ಕೆ ಬಿಡಬೇಡಿ. ಎಲ್ಲರ ಆಧಾರ್‌ನಲ್ಲಿರುವ ಹೆಸರೂ ಟಿಕೆಟ್‌ನಲ್ಲಿರುವ ಹೆಸರೂ ಒಂದೇ ಇರಲಿ, ಅವ್ವನದ್ದು ವಿಶೇಷವಾಗಿ ನೋಡಿ. ನಮ್ಮ ಕಡೆಯ ಹಿರಿಯರ ಹೆಸರು ಒಂದೊಂದು ಕಾಗದದಲ್ಲಿ ಒಂದೊಂದು ತರಹ ಇರುತ್ತದೆ.

ಅಲ್ಲಿಯವರು ಹೆಚ್ಚಿನವರು ಮುಸ್ಲಿಮರು, ಮೈ ಮುಚ್ಚುವ ಬಟ್ಟೆ ಹಾಕುವುದು ಒಳ್ಳೆಯದು. ಮದ್ಯಕ್ಕೆ ಬಂಗಾರಂ ದ್ವೀಪ ಬಿಟ್ಟು ಉಳಿದ ಕಡೆ ನಿಷೇಧ. ಮಾತು ಮಲಯಾಳದ ಒಂದು ಬಗೆ, ಮಂಗಳೂರಿನ ನಂಟು ಇರುವ ಹಿರಿಯರು ಸಿಕ್ಕರೆ ಮಾತಾಡಿಸಿ, ತುಂಬಾ ಪ್ರೀತಿಯ ಜನ. ಊಟಕ್ಕೆ ಟ್ಯೂನಾ ಮೀನು ಚೆನ್ನಾಗಿ ಸಿಗುತ್ತದೆ. ಬಲೆ ಬೀಸದೆ ಗಾಳದ ಕೋಲಿನಲ್ಲಿ ಒಂದೊಂದಾಗಿ ಹಿಡಿಯುವುದು ಅಲ್ಲಿನ ಪದ್ಧತಿ, ಬೇರೆ ಜೀವಗಳಿಗೆ ಪೆಟ್ಟು ಕಡಿಮೆ. ಅವ್ವ ಸಸ್ಯಾಹಾರಿಯಾದರೆ ಮೊದಲೇ ಹೇಳಿಡಿ. ತರಕಾರಿಯೆಲ್ಲ ಹಡಗಿನಲ್ಲಿ ಬರಬೇಕು, ರೊಟ್ಟಿ, ಶೇಂಗಾ ಚಟ್ನಿ ಜೊತೆಗಿದ್ದರೆ ನಿಶ್ಚಿಂತೆ. ಮಾತ್ರೆಗಳನ್ನು ಪೂರ್ತಿ ವಾರಕ್ಕಾಗುವಷ್ಟು ಕೈಚೀಲದಲ್ಲೇ ಇಟ್ಟುಕೊಳ್ಳಿ.

ಕುರ್ಚಿ ಉಳಿಯುವ ಮನೆಯವರೇ ಕೊಡುತ್ತಾರೆ. ಪ್ಲಾಸ್ಟಿಕ್ ಕುರ್ಚಿಯ ಕಾಲು ಒದ್ದೆ ಮರಳಿನಲ್ಲಿ ಹೂತುಹೋಗಿ ಓರೆಯಾಗುತ್ತದೆ, ಮಂಡಿ ನೋವಿನವರಿಗೆ ಏಳುವುದು ಕಷ್ಟ. ಕೆಳಗೆ ಒಂದು ಹಲಗೆ ಕೇಳಿ ಹಾಕಿಸಿಕೊಳ್ಳಿ. ಬರೀ ಮರಳಿರುವ ಕಡೆ ಇಡಿ, ಹವಳದ ತುಂಡುಗಳ ಮೇಲೆ ಬೇಡ. ಬೆಳಗ್ಗೆ ಒಂಬತ್ತರೊಳಗೆ ಕೂರಿಸಿ, ಆಮೇಲೆ ಬಿಸಿಲು ತಡೆಯುವುದಿಲ್ಲ. ಅರ್ಜಿ ತುಂಬುವಾಗ ಏನಾದರೂ ಸಿಕ್ಕಿಹಾಕಿಕೊಂಡರೆ ಇಲ್ಲೇ ಬರೆಯಿರಿ, ಸಂಜೆ ಆರರ ಮೇಲೆ ನಾನು ನೋಡುತ್ತೇನೆ.